ಎಡಗೈಯ ಒರೆ

ಮೂವತ್ತು ವರ್ಷ ಜಂಪರು ಹೊಲಿದವಳು ನಾನು. ಸಿಂದಗಿಯಲ್ಲಿ ನನ್ನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಮಷಿನು, ಒಂದು ಕತ್ತರಿಸುವ ಟೇಬಲ್ಲು, ಗೋಡೆಗೆ ಒಂದು ಕನ್ನಡಿ. ಬಂದವರ ಅಳತೆ ತೆಗೆಯಲು ಐದು ನಿಮಿಷ, ಅವರ ಮನೆಯ ಸುದ್ದಿ ಕೇಳಲು ಅರ್ಧ ತಾಸು. ಇಂಥ ನಾನು ಐವತ್ತೆರಡನೆಯ ವಯಸ್ಸಿಗೆ ರಿವಾಲ್ವರಿನ ಒರೆ ಹೊಲಿಯಲು ಕಲಿತೆ ಎಂದರೆ ಜನ ನಗುತ್ತಾರೆ. ನಗಲಿ. ನಾನೂ ಬೇರೆಯವರ ಸುದ್ದಿಗೆ ಕಡಿಮೆ ನಕ್ಕವಳಲ್ಲ. ಕಲಿತದ್ದು ನನ್ನ ಅಣ್ಣನಿಗಾಗಿ.

ಅಣ್ಣ ಮಿಲಿಟರಿಯಿಂದ ನಿವೃತ್ತನಾಗಿ ಬಂದು ಇಂಡಿಯಲ್ಲಿ ಮನೆ ಮಾಡಿದ್ದಾನೆ. ಬ್ಯಾಂಕುಗಳಿಗೆ ರೊಕ್ಕ ಮುಟ್ಟಿಸುವ ಒಂದು ಕಂಪನಿಯ ವ್ಯಾನಿನಲ್ಲಿ ಗನ್‌ಮ್ಯಾನ್ ಆಗಿದ್ದ. ದಿನಾ ಬೆಳಿಗ್ಗೆ ಇಂಡಿಯಿಂದ ಹೊರಟು ಸಿಂದಗಿ, ಅಲ್ಲಿಂದ ಮುದ್ದೇಬಿಹಾಳ, ಆಮೇಲೆ ಬಸವನ ಬಾಗೇವಾಡಿ, ಸಂಜೆಗೆ ತಿರುಗಿ ಇಂಡಿ. ವ್ಯಾನಿನಲ್ಲಿ ಮೂವರು: ಒಬ್ಬ ಡ್ರೈವರ್, ಟ್ರಂಕು ಹೊತ್ತು ಬ್ಯಾಂಕಿನೊಳಗೆ ಹೋಗುವ ಒಬ್ಬ ಕ್ಯಾಶಿಯರ್, ಮತ್ತು ಇವರಿಬ್ಬರನ್ನೂ ಕಾಯುವ ನನ್ನ ಅಣ್ಣ. ರಿವಾಲ್ವರು ಅವನದೇ, ಅವನ ಹೆಸರಿನ ಲೈಸೆನ್ಸಿನದು. ಸಿಂದಗಿಯಲ್ಲಿ ವ್ಯಾನು ನಿಂತಾಗ ಒಮ್ಮೊಮ್ಮೆ ಅಂಗಡಿಗೆ ಬಂದು ನಿಂತ ನಿಲುವಿನಲ್ಲೇ ಚಹಾ ಕುಡಿದು ಹೋಗುತ್ತಿದ್ದ.

ಅಂಥದೊಂದು ದಿನ ಬಂದವನು ಹರಿದ ರೆಕ್ಸಿನ್ ಒರೆಯೊಂದನ್ನು ನನ್ನ ಮುಂದೆ ಚಾಚಿದ.

"ಇದಕ್ಕ ಎರಡು ಹೊಲಿಗಿ ಹಾಕಿ ಕೊಡು ತಂಗಿ. ಗಾಡಿ ನಿಂತೈತಿ."

"ಹಳೇ ಛತ್ರಿ ಬಟ್ಟಿ ಆಗೇತಿ ಇದು, ಎಲ್ಲಿ ಅಂತ ಹೊಲೀಲಿ? ಅಲ್ಲಾ, ಎಡಗೈಲೆ ಯಾಕ ಕೊಡ್ತಿ?"

ನಮ್ಮ ಮನೆಯಲ್ಲಿ ಎಡಗೈ ಚಾಚಿದರೆ ಅವ್ವ ಬೆರಳಿನ ಗಂಟಿನ ಮೇಲೆ ಹೊಡೆಯುತ್ತಿದ್ದಳು. ಅಣ್ಣ ಅಂಥದ್ದನ್ನು ಮರೆಯುವವನಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಬಲಗೈ ಮುಂದೆ ಹಿಡಿದ. ಹೆಬ್ಬೆರಳು, ತೋರುಬೆರಳು ಎರಡೂ ನೆಟ್ಟಗೆ ನಿಂತಿದ್ದವು. ದೀಪಾವಳಿಯ ಹೊತ್ತಿಗೆ ವ್ಯಾನಿನ ಹಿಂಬಾಗಿಲು ಕೈಮೇಲೆ ಬಿದ್ದದ್ದು ನಮಗೆಲ್ಲ ಗೊತ್ತಿತ್ತು. ಪಟ್ಟಿ ಬಿಚ್ಚಿದ ಮೇಲೆ "ಎಲ್ಲಾ ಆರಾಮ ಆತು" ಎಂದಿದ್ದ. ನಾವು ನಂಬಿದ್ದೆವು.

"ಎಲುಬು ಕೂಡೇತಿ. ಬೆರಳ ಮಡಚೂದಿಲ್ಲ" ಎಂದ. "ನನ್ನ ಹೇಣ್ತಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಈಗ ನಿನಗ ಗೊತ್ತಾತು. ಬಾಯಿ ಬಿಡಬ್ಯಾಡ."

ಆಮೇಲೆ ಉಳಿದದ್ದನ್ನೂ ಹೇಳಿದ. ಒರೆ ಬಲ ಸೊಂಟದ ಮೇಲಿರುತ್ತದೆ, ಕೆಲಸ ಮಾಡುವುದು ಎಡಗೈ. ಹೊಟ್ಟೆಯ ಮೇಲಿಂದ ಎಡಗೈ ಚಾಚಿ ತೆಗೆಯುವ ಅಭ್ಯಾಸ ಮಾಡಿಕೊಂಡಿದ್ದ. ಹಿಂದಿನ ವಾರ ಮುದ್ದೇಬಿಹಾಳದ ಬ್ಯಾಂಕಿನಲ್ಲಿ ಹಾಗೆ ಕೈ ಚಾಚಿದಾಗ ರೆಕ್ಸಿನ್ನು ಹರಿದು ರಿವಾಲ್ವರು ಫರಸಿಯ ಮೇಲೆ ಬಿದ್ದಿತ್ತು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಚೀರಿದರು. ಗುಂಡು ಹಾರಲಿಲ್ಲ, ದೇವರು ದೊಡ್ಡವನು. ಒರೆ ಹಳೆಯದಾಗಿತ್ತೆಂದು ಹೇಳಿ ಪಾರಾದ. ಹೊಸದು ಮಾಡಿಸಿಕೊಂಡೇ ಡ್ಯೂಟಿಗೆ ಬಾ ಎಂದು ಕಂಪನಿಯವರು ಹೇಳುವ ದಿನ ದೂರವಿರಲಿಲ್ಲ. ಅಂಗಡಿಗಳಲ್ಲಿ ಸಿಗುವುದೆಲ್ಲ ಬಲಗೈಯದು. ಎಡಗೈಯದು ಬೇಕೆಂದು ಗನ್ನಿನ ಅಂಗಡಿಯಲ್ಲಿ ಕೇಳಿದರೆ ಸುದ್ದಿ ಮರುದಿನವೇ ಕಂಪನಿಗೆ ಮುಟ್ಟುತ್ತದೆಂದು ಅವನ ಹೆದರಿಕೆ. ಆ ಧಂದೆಯವರೆಲ್ಲ ಒಬ್ಬರಿಗೊಬ್ಬರು ಗುರುತಿನವರೇ.

"ಗೊತ್ತಾದ್ರ ಏನಾಗ್ತೈತಿ?" ಎಂದೆ.

"ಮನ್ಯಾಗ ಕುಂದರಸ್ತಾರ. ಮನ್ಯಾಗ ಕುಂತು ಏನ್ ಮಾಡ್ಲಿ? ಟಿವಿ ನೋಡ್ಲ್ಯಾ?"

ಊಟಕ್ಕೆ ಕೊರತೆ ಇಲ್ಲದವನು ಅವನು, ಪೆನ್ಶನ್ ಬರುತ್ತದೆ. ಆದರೆ ಹದಿನೆಂಟನೆಯ ವಯಸ್ಸಿನಿಂದ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡೇ ದಿನಾ ಬೆಳಗು ಕಂಡವನು. ಬೆಲ್ಟಿಲ್ಲದ ಅಣ್ಣನನ್ನು ನನಗೂ ನೆನೆಸಿಕೊಳ್ಳಲು ಆಗಲಿಲ್ಲ. ಕಂಪನಿಗೆ ಹೊಸ ಸಾಹೇಬ ಬರುವವನಿದ್ದಾನೆ, ಅವನಿಗೆ ನಾನು ಹುಟ್ಟಾ ಎಡಚ ಎಂದು ಹೇಳಿಬಿಡುತ್ತೇನೆ, ಎಡಗಡೆಗೆ ಒಂದು ಗಟ್ಟಿ ಒರೆ ಇದ್ದರೆ ಮುಗಿಯಿತು ಎಂದ. "ಮಾಡ್ತೇನಿ ಬಿಡು, ಅದೇನ್ ದೊಡ್ಡ ಮಾತು" ಎಂದೆ. ಅಲ್ಲಿಯವರೆಗೆ ಸಾಗಲಿ ಎಂದು ಹಳೆಯದಕ್ಕೂ ನಾಲ್ಕು ಹೊಲಿಗೆ ಹಾಕಿ ಕಳಿಸಿದೆ. ಮೂವತ್ತು ವರ್ಷ ಹೊಲಿದವಳಿಗೆ ಒಂದು ಚೀಲ ಹೊಲಿಯುವುದು ಯಾವ ಲೆಕ್ಕ ಎಂಬ ಸೊಕ್ಕು. ಆ ಸೊಕ್ಕು ಇಳಿಯಲು ಒಂದು ವಾರ ಸಾಕಾಯಿತು.

ಮೊದಲು ಫೋನಿನಲ್ಲಿ ವಿಡಿಯೋ ನೋಡಿದೆ. ಯಾವುದೋ ದೇಶದ ಗಡ್ಡದವನೊಬ್ಬ ಅರ್ಧ ತಾಸಿನಲ್ಲಿ ಮಾಡಿ ತೋರಿಸಿದ. ವಿಜಯಪುರದಿಂದ ಒಂದು ತುಂಡು ದಪ್ಪ ತೊಗಲು ತರಿಸಿ ಮಷಿನಿಗೆ ಕೊಟ್ಟೆ. ಸೂಜಿ ಮುರಿದು ಅರ್ಧ ತುಂಡು ನನ್ನ ಕನ್ನಡಕಕ್ಕೆ ಬಡಿಯಿತು. ಇನ್ನೊಂದು ಸೂಜಿ ಹಾಕಿದೆ, ಅದೂ ಮುರಿಯಿತು. ಮೂರನೆಯದಕ್ಕೆ ಮಷಿನೇ ನಿಂತಿತು. ಗಡ್ಡದವನನ್ನು ಬಾಯಿಗೆ ಬಂದಂತೆ ಬೈದು ಫೋನು ಮುಚ್ಚಿಟ್ಟೆ.

ಹೂವಿನ ಹಿಪ್ಪರಗಿಯಲ್ಲಿ ತೊಗಲಿನ ಕೆಲಸ ಮಾಡುವ ಮುದುಕರೊಬ್ಬರು ಇದ್ದಾರೆಂದು ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ಹೇಳಿದಳು. ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದವರು. ಎತ್ತಿನ ಕೊರಳ ಪಟ್ಟಿ, ಬಾರಕೋಲು, ತೊಗಲಿನ ಹಗ್ಗವಾದ ಮಿಣಿ, ಕಾಲಿಗೆ ಹಾಕುವ ಕಾಲ್ಮರಿ ಎಲ್ಲ ಮಾಡಿದ ಕೈ. ಗೋಡೆಯ ಮೇಲೆ ಬುದ್ಧನ ಪಟ. ಇಬ್ಬರು ಮಕ್ಕಳೂ ಸಾಲಿ ಮಾಸ್ತರರು, ರಂಪಿಗೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ರಂಪಿಗೆ ಎಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿ. ನಾನು ಬಂದ ಕಾರಣ ಹೇಳಿದೆ, ಅಣ್ಣನ ಬೆರಳಿನ ವಿಷಯವನ್ನೂ ಮುಚ್ಚಿಡಲಿಲ್ಲ. ಕಲಿಸುವವರ ಮುಂದೆ ಸುಳ್ಳು ಹೇಳಿದರೆ ಅಳತೆಯೇ ತಪ್ಪುತ್ತದೆ. ಅವರು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು.

"ನಮ್ಮವರು ಬಿಟ್ಟು ಓಡ್ಯಾರ, ನೀವು ಹುಡಿಕ್ಕೊಂಡು ಬಂದೀರಿ. ಚೊಲೋ ಆತು ಬರ್ರಿ ಯವ್ವಾ. ಗನ್ನಿನ ಕವರ ನಾ ಮಾಡಿದಾಂವ ಅಲ್ಲ. ಆದ್ರ ತೊಗಲ ಎತ್ತಿನ ಕೊಳ್ಳಿಗಿ ಹಾಕಿದ್ರೂ ತೊಗಲ, ಗನ್ನಿಗಿ ಹಾಕಿದ್ರೂ ತೊಗಲ."

ಅವರ ಹೆಂಡತಿ ಚಹಾ ಮಾಡಿದರು. ಕಪ್ಪು ನನ್ನ ಮುಂದಿಡುವ ಮೊದಲು "ಕುಡೀತೀರೇನ್ರಿ ಬಾಯಾರ?" ಎಂದು ಕೇಳಿದರು. ಆ ಪ್ರಶ್ನೆಯ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಕುಡಿದೆ. ಆದರೆ ಕೈ ಒಂದು ಕ್ಷಣ ತಡೆದಿತ್ತು, ಅದನ್ನು ಅವರಿಬ್ಬರೂ ನೋಡಿದ್ದರು. ಇಷ್ಟು ವಯಸ್ಸಾಗಿ, ಕೆಲಸ ಬೇಡಿಕೊಂಡು ಬಂದ ಮನೆಯಲ್ಲಿ, ಆ ತಡೆ ಎಲ್ಲಿಂದ ಬಂತೋ! ನನಗೆ ನಾಚಿಕೆಯಾಯಿತು. ಎರಡನೆಯ ಕಪ್ಪು ನಾನೇ ಕೇಳಿ ಕುಡಿದೆ. ಆಮೇಲಿನ ದಿನಗಳಲ್ಲಿ ಆ ತಾಯಿ ಕೇಳುವುದನ್ನು ಬಿಟ್ಟರು.

ವಾರಕ್ಕೆ ಎರಡು ದಿನ ಹೋಗತೊಡಗಿದೆ, ಆ ಮುದುಕರನ್ನು ಕಾಕಾ ಎಂದು ಕರೆಯತೊಡಗಿದೆ. ಕಾಕಾ ಒಂದು ತಿಂಗಳು ಒರೆಯ ಮಾತನ್ನೇ ಎತ್ತಲಿಲ್ಲ. ಕುಡಗೋಲಿಗೆ ಒಂದು ಕವಚ ಮಾಡು ಎಂದರು. ಅದಾದ ಮೇಲೆ ಲೈನ್‌ಮನ್ನರ ಇಕ್ಕಳಕ್ಕೆ ಒಂದು. ನೆಲದ ಮೇಲೆ ಕೂತು, ಎರಡು ಮೊಣಕಾಲುಗಳ ನಡುವೆ ತೊಗಲು ಒತ್ತಿ ಹಿಡಿದು, ಉಳಿಯಿಂದ ಒಂದೊಂದೇ ತೂತು ಚುಚ್ಚಿ, ಮೇಣ ಸವರಿದ ದಾರವನ್ನು ಎರಡು ಸೂಜಿಯಿಂದ ಎರಡು ಕಡೆಯಿಂದ ಎಳೆಯಬೇಕು. ಮಷಿನಿನ ಮುಂದೆ ಕುರ್ಚಿಯಲ್ಲಿ ಕೂತ ಸೊಂಟ ನನ್ನದು. ಮೊದಲ ದಿನ ಏಳಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಕಾಕಾನ ಹೆಂಡತಿ ರಟ್ಟೆ ಹಿಡಿದು ಎಬ್ಬಿಸಿದರು.

ನನ್ನ ತಪ್ಪುಗಳೆಲ್ಲ ಜಂಪರಿನ ತಪ್ಪುಗಳೇ. ಬಟ್ಟೆ ಜರುಗದಿರಲಿ ಎಂದು ಟಾಚಣಿ ಚುಚ್ಚುವುದು ನಮ್ಮ ರೂಢಿ. ತೊಗಲಿಗೂ ಚುಚ್ಚಿದೆ. ತೆಗೆದ ಮೇಲೆ ನೋಡಿದರೆ ತೂತುಗಳು ಹಾಗೇ ನಿಂತಿವೆ, ಸಿಡುಬಿನ ಕಲೆಯಂತೆ. ಬಟ್ಟೆ ತೂತನ್ನು ಮರೆಯುತ್ತದೆ, ತೊಗಲು ಮರೆಯುವುದಿಲ್ಲ. ಉಸಿರಾಡಲು ಇರಲಿ ಎಂದು ಅಳತೆಗಿಂತ ಅರ್ಧ ಇಂಚು ಸಡಿಲು ಬಿಡುವುದೂ ನಮ್ಮ ರೂಢಿಯೇ. ಇಕ್ಕಳದ ಕವಚಕ್ಕೂ ಬಿಟ್ಟೆ. ಕಾಕಾ ಅದನ್ನು ತಲೆಕೆಳಗು ಮಾಡಿದರು, ಇಕ್ಕಳ ಅವರ ಕಾಲ ಮೇಲೆ ಬಿತ್ತು.

"ಇಕ್ಕಳಕ್ಕ ಉಸರಾಡೂದು ಬ್ಯಾಡ ಯವ್ವಾ" ಎಂದು ಕಾಲು ಉಜ್ಜಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ.

ಎಣ್ಣೆಯ ವಿಷಯದಲ್ಲೂ ಕೈ ಸುಟ್ಟುಕೊಂಡೆ. ನಮ್ಮ ಕಡೆ ಅಡಿಗೆಗೆ, ತಲೆಗೆ, ಬಾಗಿಲಿನ ಕೀಲಿಗೆ ಎಲ್ಲದಕ್ಕೂ ಕುಸುಬಿ ಎಣ್ಣೆ. ಮನೆಯಲ್ಲಿ ಮಾಡಿದ ಒಂದು ಕವಚಕ್ಕೆ ಮಿಂಚಲಿ ಎಂದು ಅದನ್ನೇ ಧಾರಾಳವಾಗಿ ತಿಕ್ಕಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಎರಡು ದಿನಕ್ಕೆ ಅದು ಅಂಟಂಟಾಗಿ, ಒಳಗಿಟ್ಟ ಇಕ್ಕಳ ಹೊರಗೆ ಬರಲೊಲ್ಲದು. ಕಾಕಾ ಮೂಸಿ ನೋಡಿ ಹಣೆ ಚಚ್ಚಿಕೊಂಡರು. ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ತೊಗಲಿನ ಚೀಲಕ್ಕೆ ಅವರ ಅಪ್ಪ ಕುಸುಬಿ ಎಣ್ಣೆಯನ್ನು ಕಾಸಿ ಹಚ್ಚುತ್ತಿದ್ದರಂತೆ. ನೀರು ಸೋರದಂತೆ ಅದು ಅಂಟಾಗಿ ಒಣಗಿ ಬಿಗಿಯಬೇಕಿತ್ತು, ಅದಕ್ಕೇ ಆ ಎಣ್ಣೆ. ಒರೆಗೆ ಅದು ಆಗದು. ಸ್ವಲ್ಪ ಜೇನುಮೇಣ ಸಾಕು, ನೆರಳಿನಲ್ಲಿ ಒಣಗಬೇಕು ಎಂದರು.

ಊರಿನಲ್ಲಿ ಸುದ್ದಿ ಹರಡಿತು. ಗಿರಾಕಿಯೊಬ್ಬಳು ಖಣ ಕೊಡಲು ಬಂದವಳು ಮೂಗು ಮುರಿದು, "ತೊಗಲ ಮುಟ್ಟಿದ ಕೈಲೆ ನಮ್ಮ ಜಂಪರ ಹೊಲೀತಿಯೇನ ಅಕ್ಕಾ?" ಎಂದಳು.

"ನಿನ್ನ ಬಗಲಾಗಿನ ಪರ್ಸು ಏತರದ್ದವಾ? ಬಾಳಿ ಎಲಿದೇನು?" ಎಂದೆ. ಅವಳು ಖಣ ಬಿಟ್ಟುಹೋದಳು. ಹೊಲಿದುಕೊಟ್ಟೆ, ತೋಳು ಸ್ವಲ್ಪ ಬಿಗಿಯಾಯಿತು. ಬೇಕೆಂದೇ ಮಾಡಿದ್ದಲ್ಲ ಎಂದು ಈಗಲೂ ಹೇಳುತ್ತೇನೆ.

ಒರೆಗೆ ಕೈ ಹಚ್ಚುವ ದಿನ ಬಂತು. ರಿವಾಲ್ವರನ್ನು ಅಣ್ಣ ನನ್ನ ಬಳಿ ಬಿಡುವಂತಿರಲಿಲ್ಲ; ಲೈಸೆನ್ಸು ಅವನದು, ಒಂದು ತಾಸು ಬೇರೆಯವರ ಕೈಯಲ್ಲಿದ್ದರೂ ತಪ್ಪು. ಗುಂಡು ತೆಗೆದು ಕಾಗದದ ಮೇಲೆ ಇಟ್ಟ, ನಾನು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ, ದಪ್ಪವನ್ನು ಟೇಪಿನಿಂದ ಅಳೆದುಕೊಂಡೆ. ಬಡಿಗನೊಬ್ಬ ಅದೇ ಅಳತೆಯ ಕಟ್ಟಿಗೆಯ ರಿವಾಲ್ವರು ಮಾಡಿಕೊಟ್ಟ. ಎಮ್ಮೆಯ ತೊಗಲನ್ನು ನೀರಿನಲ್ಲಿ ನೆನೆಸಿ, ಆ ಕಟ್ಟಿಗೆಯ ಮೇಲೆ ಹೊದಿಸಿ, ಎತ್ತಿನ ಕೊಂಬಿನ ತುಂಡಿನಿಂದ ತಿಕ್ಕಿ ತಿಕ್ಕಿ ಆಕಾರ ತರಬೇಕು. ಗುಂಡು ತುಂಬುವ ಉಬ್ಬು, ಬೆರಳಿನಿಂದ ಎಳೆಯುವ ಕುದುರೆಯ ಸುತ್ತಿನ ಬಳೆ, ಎಲ್ಲ ಹೊರಗಿನಿಂದಲೇ ಕಾಣುವಷ್ಟು. ಹನ್ನೆರಡು ದಿನ ಹಿಡಿಯಿತು. ಹೊಲಿಗೆ ನೇರ ಬಂದಿತ್ತು, ಅಂಚು ನುಣುಪಾಗಿತ್ತು. ಕಾಕಾನಿಗೆ ತೋರಿಸುವ ಮೊದಲೇ ಅಣ್ಣನಿಗೆ ಫೋನು ಮಾಡಿದೆ. ಹಿಗ್ಗು ತಡೆಯಲಾಗಲಿಲ್ಲ.

ಅದೊಂದು ಭಾನುವಾರದ ಮಧ್ಯಾಹ್ನ. ಅಣ್ಣ ಬಂದ. ಒರೆಯನ್ನು ಬೆಲ್ಟಿಗೆ ಪೋಣಿಸಿ ಎಡ ಸೊಂಟಕ್ಕೆ ತಂದು ನೋಡಿದರೆ ಬೆಲ್ಟಿನ ಕುಣಿಕೆ ಹೊರಗೆ, ಚಂದದ ಮುಖ ಒಳಗೆ! ತಿರುಗಿಸಿದರೆ ಹಿಡಿಕೆ ಹೊಟ್ಟೆಯ ಕಡೆ. ಹೇಗೆ ಇಟ್ಟರೂ ಕೂಡಲಿಲ್ಲ. ಜಂಪರಿಗೆ ಬಟ್ಟೆಯನ್ನು ಎರಡು ಪದರು ಮಡಚಿ ಕತ್ತರಿ ಹಾಕುತ್ತೇವೆ. ಎಡ ತೋಳು, ಬಲ ತೋಳು ಒಟ್ಟಿಗೇ ಬಂದುಬಿಡುತ್ತವೆ. ಎಡ ಯಾವುದು, ಬಲ ಯಾವುದು ಎಂದು ಕತ್ತರಿಸುವಾಗ ಯೋಚಿಸಿದವಳೇ ಅಲ್ಲ ನಾನು. ತೊಗಲು ಒಂಟಿ ಪದರು, ಒಂದೇ ಮುಖ. ಗೆರೆ ಎಳೆದ ಕಾಗದವನ್ನು ಮಗುಚಿ ಇಡಬೇಕಿತ್ತು, ಇಟ್ಟಿರಲಿಲ್ಲ. ಹನ್ನೆರಡು ದಿನ ಕಣ್ಣು ಕಿತ್ತುಕೊಂಡು ಮಾಡಿದ್ದು ಬಲಗೈಯ ಒರೆ. ಅಂಗಡಿಯಲ್ಲಿ ಸಿಗುವಂಥದ್ದೇ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ! ತಲಿ ಎಲ್ಲಿಟ್ಟಿದ್ನೋ ಏನೋ. ಕೊಡಿಲ್ಲಿ, ಕೊಯ್ದು ಒಗೀತೇನಿ" ಎಂದೆ.

ಅಣ್ಣ ಕೊಡಲಿಲ್ಲ. ಅದನ್ನು ಬಲ ಸೊಂಟಕ್ಕೆ ಸರಿಸಿ, ರಿವಾಲ್ವರು ಇಳಿಸಿದ. ಟಕ್ ಎಂದು ಕೂತಿತು. ಗೋಡೆಯ ಕನ್ನಡಿಯ ಮುಂದೆ ನಿಂತ. ನಾಲ್ಕು ತಿಂಗಳಿಂದ ಬಗ್ಗಿದ್ದ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ.

"ಇದ ಇರ್ಲಿ" ಎಂದ.

"ಆ ಕೈಲೆ ತೆಗೀತಿಯೇನು? ತೆಗಿ ನೋಡೂಣು."

ಬಲಗೈ ಹಿಡಿಕೆಯ ಮೇಲೆ ಹೋಯಿತು. ಮೂರು ಬೆರಳು ಹಿಡಿದವು, ಉಳಿದೆರಡು ಗಾಳಿಯಲ್ಲಿ ನಿಂತವು. ಎಳೆದ. ಬರಲಿಲ್ಲ. ಒಂದು ನೂಲಿನ ಸಡಿಲವೂ ಇಲ್ಲದಂತೆ ನಾನೇ ಬಿಗಿದಿದ್ದೆ. ಎಡಗೈ ಚಾಚಿ ಎಳೆದರೆ ಒರೆ ಬೆಲ್ಟಿನ ಜೊತೆಗೇ ಮೇಲೆ ಬಂತು. ಮೂರು ಸಲ ನೋಡಿದ. ನಾಲ್ಕನೆಯ ಸಲ ಕೈ ಇಳಿಬಿಟ್ಟ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಹೇಳಿದ:

"ಯಾರ್ ತೆಗೀತಾರ ತಂಗಿ? ಇಷ್ಟು ವರ್ಷದಾಗ ಒಮ್ಮೆನೂ ತೆಗದಿಲ್ಲ. ನೋಡಾಕ ಇರಬೇಕಷ್ಟ. ನೀ ಎಡಗೈದು ಮಾಡು, ಆಮ್ಯಾಲ ಬದಲಿ ಮಾಡ್ಕೋತೇನಿ."

ಕಸಿದುಕೊಳ್ಳಬೇಕಿತ್ತು. ನನ್ನ ಕೈಕೆಲಸವನ್ನು ಅವನು ಅಷ್ಟು ಆಸೆಯಿಂದ ನೋಡುತ್ತಿದ್ದ, ನಾನು ಸುಮ್ಮನಾದೆ. ಅದರಲ್ಲಿ ಅಣ್ಣನ ಮೇಲಿನ ಪ್ರೀತಿ ಎಷ್ಟು, ನನ್ನ ಬಡಾಯಿ ಎಷ್ಟು ಎಂದು ತೂಗಿ ಹೇಳಲಾರೆ.

ಎಡಗೈಯದನ್ನು ಹದಿನೈದು ದಿನದಲ್ಲಿ ಮುಗಿಸಿದೆ. ಈ ಸಲ ಕಾಗದ ಮಗುಚಿ, ಅದರ ಮೇಲೆ ಕೆಂಪು ಪೆನ್ನಿನಿಂದ ದೊಡ್ಡದಾಗಿ 'ಎಡ' ಎಂದು ಬರೆದೆ. ಫೋನು ಮಾಡಿದರೆ ಅಣ್ಣ ಮುಂದಿನ ವಾರ ಬರುತ್ತೇನೆ ಎಂದ. ಆ ವಾರ ಬರಲಿಲ್ಲ. ಝಳಕಿಯಲ್ಲಿ ಯಾರದೋ ಮದುವೆ ಎಂದ. ಮತ್ತೊಂದು ವಾರ ವ್ಯಾನು ರಿಪೇರಿ ಎಂದ. ಹೊಸ ಸಾಹೇಬ ಬಲಗೈಯ ಒರೆಯನ್ನು ನೋಡಿ, ಎಲ್ಲಿ ಮಾಡಿಸಿದಿರಿ ಎಂದು ಕೇಳಿ, ಫೋಟೋ ತೆಗೆದುಕೊಂಡನಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಇದ್ದ ಖುಷಿ ಕೇಳಿ ನನಗೆ ಗೊತ್ತಾಯಿತು, ಇವನು ಬರುವವನಲ್ಲ.

ಎಡಗೈಯದನ್ನು ಕಾಕಾನಿಗೆ ತೋರಿಸಲು ಹಿಪ್ಪರಗಿಗೆ ಹೋದೆ. ಅವರು ಬೆಳಕಿಗೆ ಹಿಡಿದರು, ಹೊಲಿಗೆಯ ಮೇಲೆ ಉಗುರು ಎಳೆದರು, ಕಟ್ಟಿಗೆಯ ರಿವಾಲ್ವರು ಹಾಕಿ ತಲೆಕೆಳಗು ಮಾಡಿ ಜಾಡಿಸಿದರು. ಬೀಳಲಿಲ್ಲ. "ಚೊಲೋ ಆಗೇತಿ" ಎಂದರು. ಆ ಎರಡು ಮಾತಿಗೆ ನಾನು ಮೂರು ತಿಂಗಳು ಕಾದಿದ್ದೆ. ಆಮೇಲೆ ಕೇಳಿದರು:

"ಮೊದಲಿಂದು ತಪ್ಪಿತ್ತು ಅಂದ್ರಿ. ಅದನ್ನ ಕೊಯ್ದ್ರಿ?"

"ಇಲ್ಲ ಕಾಕಾ. ಅಣ್ಣ ಹಾಕ್ಕೊಂಡಾನ."

ಅವರು ಒರೆಯನ್ನು ನನ್ನ ತೊಡೆಯ ಮೇಲೆ ಇಟ್ಟರು. ಸಿಟ್ಟು ಮಾಡಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತಂತೆ. ತಪ್ಪಿದ ಕೆಲಸವನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ರಂಪಿಗೆಯಿಂದ ತುಂಡು ಮಾಡಬೇಕು. ಮಾರುವುದಿಲ್ಲ, ಪುಕ್ಕಟೆ ಕೊಡುವುದಿಲ್ಲ, ಮನೆಯಲ್ಲೂ ಇಡುವುದಿಲ್ಲ. ಇಟ್ಟರೆ ಯಾರೋ ಒಬ್ಬರು ಒಯ್ಯುತ್ತಾರೆ.

"ಬಾವ್ಯಾಗ ಇಳದಾಂವನ ಜೀವ ನಮ್ಮಪ್ಪ ಮಾಡಿದ ಮಿಣಿ ಮ್ಯಾಲ ಇರ್ತಿತ್ತು ಯವ್ವಾ. ಮ್ಯಾಲ ನಿಂತಾಂವಗ ಅದು ಚಂದ ಕಂಡ್ರ ಏನ್ ಬಂತು? ನಿಮ್ಮಣ್ಣನ ಗಾಡ್ಯಾಗ ಇನ್ನಿಬ್ಬರು ಅದಾರ ಅಂದ್ರಿ. ಅವರಿಗಿ ಗೊತ್ತೈತೇನು?"

ಗೊತ್ತಿಲ್ಲ ಎಂದೆ.

"ಕೈ ಕಲತೈತಿ ನಿಮ್ದು" ಎಂದರು. ಆ ದಿನ ಹಿಂದಿರುಗುವ ಬಸ್ಸಿನಲ್ಲಿ ನನಗೆ ಕೂಡಲಿಕ್ಕೆ ಜಾಗ ಸಿಕ್ಕಿತ್ತು, ಒರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಾನು ಆ ಇಬ್ಬರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಅಣ್ಣ, ನನ್ನ ಹೊಲಿಗೆ, ಇಷ್ಟೇ.

ಮರುದಿನ ಬೆಳಿಗ್ಗೆ ಒರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬ್ಯಾಂಕಿನ ಮುಂದೆ ಹೋಗಿ ನಿಂತೆ. ಹನ್ನೊಂದರ ಸುಮಾರಿಗೆ ವ್ಯಾನು ಬಂತು. ಅಣ್ಣ ಮೊದಲು ಇಳಿದು ರಸ್ತೆಯ ಎರಡೂ ಕಡೆ ನೋಡಿದ. ಬಲ ಸೊಂಟದ ಮೇಲೆ ನನ್ನ ಒರೆ ಮಿಂಚುತ್ತಿತ್ತು. ಕ್ಯಾಶಿಯರ್ ಟ್ರಂಕು ಹಿಡಿದು ಇಳಿದ. ಇಪ್ಪತ್ತೈದರ ತರುಣ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಅಣ್ಣನ ಕಡೆ ಬೆನ್ನು ಮಾಡಿ ಮೆಟ್ಟಿಲು ಹತ್ತಿ ಹೋದ. ಅವನು ಖಾಲಿ ಟ್ರಂಕಿನೊಡನೆ ಹೊರಗೆ ಬಂದು ವ್ಯಾನಿನ ಬಳಿ ನಿಲ್ಲುವವರೆಗೆ ಕಾದೆ. ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿದ್ದ. ಮೂವರೂ ಇದ್ದಾಗಲೇ ಹತ್ತಿರ ಹೋದೆ.

"ಅಣ್ಣಾ, ನಿನ್ನ ಎಡಗೈ ಕವರ ತಂದೇನಿ" ಎಂದೆ, ಎಲ್ಲರಿಗೂ ಕೇಳುವಂತೆ. "ಬಲಗೈದು ಬಿಚ್ಚು. ಆ ಕೈಲೆ ನಿನಗ ಗನ್ ತಗ್ಯಾಕ ಆಗೂದಿಲ್ಲ."

ಅಣ್ಣ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ನನ್ನ ಜೊತೆ ಇರುತ್ತದೆ. ಡ್ರೈವರ್ ಬೀಡಿ ಕೆಳಗೆ ಹಾಕಿ ತುಳಿದ. ಕ್ಯಾಶಿಯರ್ ನೆಲ ನೋಡುತ್ತ ಮೆಲ್ಲಗೆ ಹೇಳಿದ:

"ನಮಗ ಗೊತ್ತೈತ್ರಿ ಅಕ್ಕಾರ. ಮುದ್ದೇಬಿಹಾಳದಾಗ ಬಿತ್ತಲ್ರಿ, ಅವತ್ತ ಗೊತ್ತಾಗೇತಿ."

"ನಿಮ್ಮ ಅಣ್ಣಾರ ತಾವ ಹೇಳ್ಲಿ ಅಂತ ಸುಮ್ಮ ಇದ್ವಿ" ಎಂದ ಡ್ರೈವರ್. "ನಾ ಸೀಟಿನ ಕೆಳಗ ಒಂದು ಜಾಕಿನ ರಾಡ್ ಇಟ್ಕೊಂಡೇನ್ರಿ. ಇಂವ ಕಿಸೆದಾಗ ಖಾರದ ಪುಡಿ ಇಟ್ಕೊಂಡಾನ."

ಕ್ಯಾಶಿಯರ್ ನಾಚಿಕೊಂಡು ಪ್ಯಾಂಟಿನ ಕಿಸೆ ಮುಟ್ಟಿಕೊಂಡ. ಅಣ್ಣ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಅಂದ್ರ ಇಷ್ಟು ದಿನ ನೀವ ನನ್ನ ಕಾಯಾಕತ್ತೀರಿ" ಎಂದ.

ಆಮೇಲೆ ಎದ್ದು ವ್ಯಾನಿನ ಒಳಗೆ ಹೋಗಿ, ಕ್ಯಾಶಿಯರನನ್ನು ಕರೆದು, ಬೆಲ್ಟಿನ ಬಕ್ಕಲ್ ಬಿಚ್ಚಲು ಹೇಳಿದ. ಬಲಗೈಯ ಒರೆಯನ್ನು ನನ್ನ ಕಡೆ ಚಾಚಿದ. ಆ ಸಂಜೆ ಮನೆಗೆ ಹೋದ ಮೇಲೆ ಅದನ್ನು ತುಂಡು ಮಾಡಿದೆ. ಅಣ್ಣ ನನ್ನ ಕೈಯಿಂದ ಎಡಗೈಯದನ್ನು ಇಸಿದುಕೊಂಡು ಕಟ್ಟಿ, ಹೊರಗೆ ಬಂದು ನಮ್ಮ ಮುಂದೆಯೇ ಕಂಪನಿಗೆ ಫೋನು ಮಾಡಿದ.

"ನನ್ನ ಬಲಗೈ ಕೆಲಸ ಮಾಡೂದಿಲ್ರಿ ಸಾಹೇಬ್ರ. ದೀಪಾವಳಿಯಿಂದ. ಸುಳ್ಳು ಹೇಳಿದ್ದೆ. ಬ್ಯಾರೆ ಗನ್‌ಮ್ಯಾನ್ ಕಳಸ್ರಿ. ಅಂವ ಬರೂತನಕ ಗಾಡಿ ಇಲ್ಲಿಂದ ಹಂದೂದಿಲ್ಲ."

ವಿಜಯಪುರದಿಂದ ಹೊಸಬ ಬರಲು ಮೂರು ತಾಸು ಹಿಡಿಯಿತು. ಮುಂದಿನ ಊರುಗಳ ರೊಕ್ಕ ಒಳಗೇ ಇತ್ತು, ಅಷ್ಟೂ ಹೊತ್ತು ಅಣ್ಣ ಬಿಸಿಲಿನಲ್ಲಿ ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಎಡಗೈ ಒರೆಯ ಮೇಲಿತ್ತು. ನಾನು ಅಂಗಡಿ ತೆರೆಯಲು ಹೋಗಲಿಲ್ಲ, ಎದುರಿನ ಕಟ್ಟೆಯ ಮೇಲೆ ಕೂತೆ. ನಾನು ಮಾಡಿದ್ದರಲ್ಲೇ ಚೊಲೋ ಕೆಲಸ ಅದು, ಅವನು ಅದನ್ನು ಕಟ್ಟಿಕೊಂಡದ್ದು ಆ ಮೂರು ತಾಸು ಮಾತ್ರ. ಬ್ಯಾಂಕಿನವರು ಕುರ್ಚಿ ತಂದಿಟ್ಟರು. ಡ್ರೈವರ್ ಎರಡು ಸಲ, ಕ್ಯಾಶಿಯರ್ ಎರಡು ಸಲ ಕೂಡ್ರಿ ಎಂದು ಹೇಳಿದರು. ಅಣ್ಣ ಕೂಡಲಿಲ್ಲ.